ವಯರ್ ಬದಲಾದರೆ ಬ್ಯಾಟರಿ ಹಾಳಾಗುತ್ತದಾ?

(ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಊರೊಂದರ ವಾಚನಾಲಯದಲ್ಲಿ ಆಡಿದ ಮಾತು. ಧ್ವನಿಮುದ್ರಣ ಕೇಳಿ ಬರಹಕ್ಕೆ ಇಳಿಸಿದ್ದು.)

ನಮ್ಮ ಮನೆಗಳಲ್ಲಿ ಈಗ ಆಳಿಗೊಂದು ಫೋನ್ ಇದೆ. ಆದರೆ ಚಾವಡಿಯ ಪ್ಲಗ್ ಪಾಯಿಂಟಿನಲ್ಲಿ ನೇತಾಡುವ ವಯರ್ ಒಂದೇ. ಯಾರ ಫೋನಿನ ಚಾರ್ಜ್ ಮುಗಿಯಿತೋ ಅವರು ಅದಕ್ಕೆ ಸಿಕ್ಕಿಸುತ್ತಾರೆ. ಮಗಳ ಫೋನಿನ ಜೊತೆ ಬಂದ ವಯರ್ ಅಜ್ಜನ ಫೋನಿಗೆ, ಗಲ್ಫಿನಿಂದ ಅಣ್ಣ ತಂದ ಚಾರ್ಜರ್ ಅತ್ತಿಗೆಯ ಫೋನಿಗೆ. ಹೀಗೆ ನಡೆಯುತ್ತಾ ಇರುವಾಗ ಮನೆಯಲ್ಲಿ ಒಬ್ಬರಾದರೂ ಹೇಳುತ್ತಾರೆ, 'ಬೇರೆ ವಯರ್ ಹಾಕಬೇಡ, ಬ್ಯಾಟರಿ ಹೋಗ್ತದೆ' ಅಂತ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ವಯರ್ ಬದಲಾಯಿಸಿದರೆ ಚಾರ್ಜಾಗುವ ಸ್ಪೀಡ್ ಬದಲಾಗುತ್ತದೆ. ಕೆಲವೊಮ್ಮೆ ಮೂರು ಪಟ್ಟು, ನಾಲ್ಕು ಪಟ್ಟು ಬದಲಾಗುತ್ತದೆ. ಬ್ಯಾಟರಿ ಮಾತ್ರ ಅದರಿಂದ ಹಾಳಾಗುವುದಿಲ್ಲ. ಬ್ಯಾಟರಿಯನ್ನು ಹಾಳು ಮಾಡುವುದು ಬಿಸಿ. ನಾವು ವಯರಿನ ಮೇಲೆ ಅನುಮಾನ ಪಡುತ್ತಾ, ಬಿಸಿಯನ್ನು ಗಮನಿಸದೆ ಬಿಡುತ್ತೇವೆ. ಅದಕ್ಕೇ ಈ ವಿಷಯವನ್ನು ಸ್ವಲ್ಪ ಬಿಡಿಸಿ ಮಾತಾಡಬೇಕು ಅನಿಸಿತು.

ವಯರಿಗೂ ಬ್ಯಾಟರಿಗೂ ನೇರ ಸಂಬಂಧವೇ ಇಲ್ಲ. ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಿ. ಗೋಡೆಯಲ್ಲಿ 230 ವೋಲ್ಟ್ ಇದೆ. ಅಡಾಪ್ಟರ್ ಅದನ್ನು 5 ವೋಲ್ಟಿಗೋ 9 ವೋಲ್ಟಿಗೋ ಇಳಿಸಿ ಕೊಡುತ್ತದೆ. ವಯರ್ ಅದನ್ನು ಫೋನಿನವರೆಗೆ ತರುತ್ತದೆ. ಅಲ್ಲಿಗೆ ವಯರಿನ ಕೆಲಸ ಮುಗಿಯಿತು. ಫೋನಿನ ಒಳಗೆ ಚಾರ್ಜಿಂಗಿಗೆ ಅಂತಲೇ ಒಂದು ಚಿಪ್ ಕೂತಿದೆ. ಬ್ಯಾಟರಿಗೆ ಎಷ್ಟು ವೋಲ್ಟ್, ಎಷ್ಟು ಕರೆಂಟ್, ಯಾವಾಗ ನಿಲ್ಲಿಸಬೇಕು, ಎಲ್ಲ ಅದರ ತೀರ್ಮಾನ. ಬ್ಯಾಟರಿ ಬಿಸಿಯಾದರೆ ಕರೆಂಟ್ ಕಡಿಮೆ ಮಾಡುವುದೂ ಅದೇ.

ಫೋನಿನ ಬ್ಯಾಟರಿ ಲಿಥಿಯಂ ಅಯಾನ್ ಜಾತಿಯದ್ದು. 1991ರಲ್ಲಿ ಸೋನಿ ಕಂಪನಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಕೆಲಸಕ್ಕಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ 2019ರ ರಸಾಯನ ವಿಜ್ಞಾನದ ನೊಬೆಲ್ ಬಂತು. ಈ ಬ್ಯಾಟರಿ ವೋಲ್ಟೇಜಿನ ವಿಷಯದಲ್ಲಿ ಬಹಳ ನಾಜೂಕು. ತುಂಬಿದಾಗ 4.2 ವೋಲ್ಟ್, ಈಗಿನ ಹೊಸ ಫೋನುಗಳಲ್ಲಿ 4.4ರ ಆಸುಪಾಸು. ಅದನ್ನು ದಾಟಿಸಿದರೆ ಅಪಾಯ. ಅಷ್ಟು ನಾಜೂಕಾದ ವಸ್ತುವನ್ನು ಯಾವುದೋ ಅಂಗಡಿಯ ವಯರಿನ ಕೈಗೆ ಒಪ್ಪಿಸುವಷ್ಟು ದಡ್ಡರಲ್ಲ ಫೋನ್ ಮಾಡುವವರು. ಅದಕ್ಕೇ ನಡುವೆ ಆ ಚಿಪ್ ಕೂತಿರುವುದು. ನೀವು ಕಪ್ಪು ವಯರ್ ತೆಗೆದು ಬಿಳಿ ವಯರ್ ಹಾಕಿದ್ದು ಬ್ಯಾಟರಿಗೆ ಗೊತ್ತೇ ಆಗುವುದಿಲ್ಲ.

ಇನ್ನೊಂದು ವಿಷಯ. ಚಿಪ್ ಮೊದಲಿಗೆ ಒಂದೇ ಸಮನೆ ಕರೆಂಟ್ ಕೊಡುತ್ತಾ ಹೋಗುತ್ತದೆ. ವೋಲ್ಟೇಜ್ ಮೇಲಿನ ಗಡಿ ಮುಟ್ಟಿದ ಮೇಲೆ ಕರೆಂಟನ್ನು ನಿಧಾನವಾಗಿ ಇಳಿಸುತ್ತದೆ. ಹಾಗಾಗಿ ಎಲ್ಲ ಫೋನಿನಲ್ಲೂ ಶೇಕಡಾ 80ರ ನಂತರ ಚಾರ್ಜ್ ನಿಧಾನ. 'ಹೊಸ ವಯರ್ 80ರ ತನಕ ಚೆನ್ನಾಗಿ ಓಡ್ತದೆ, ಮತ್ತೆ ಮಲಗ್ತದೆ' ಅಂತ ಅಂಗಡಿಗೆ ವಾಪಸ್ ಕೊಡಲು ಹೋಗುವವರಿದ್ದಾರೆ. ಅದು ವಯರಿನ ತಪ್ಪಲ್ಲ, ಬ್ಯಾಟರಿಯನ್ನು ಉಳಿಸಲಿಕ್ಕೆ ಚಿಪ್ ಮಾಡುವ ಕೆಲಸ.

ಈಗ ಸ್ಪೀಡಿನ ವಿಷಯಕ್ಕೆ ಬರೋಣ. ಇಲ್ಲಿ ವಯರ್ ನಿಜವಾಗಿಯೂ ಮುಖ್ಯ.

ನಿಮ್ಮಲ್ಲಿ ತುಂಬಾ ಜನಕ್ಕೆ ಅಡಕೆ ತೋಟ ಇದೆ. ಗುಡ್ಡದ ಮೇಲಿನ ಟ್ಯಾಂಕಿನಿಂದ ಅರ್ಧ ಇಂಚಿನ ಪೈಪಿನಲ್ಲಿ ದೂರದವರೆಗೆ ನೀರು ತಂದರೆ ಕೊನೆಯ ಜೆಟ್ ತಿರುಗುವುದಿಲ್ಲ. ಟ್ಯಾಂಕಿನಲ್ಲಿ ನೀರಿಗೆ ಕೊರತೆಯಿಲ್ಲ, ದಾರಿಯಲ್ಲೇ ಒತ್ತಡ ಸತ್ತುಹೋಗಿರುತ್ತದೆ. ವಯರಿನಲ್ಲೂ ಆಗುವುದು ಇದೇ. ತಾಮ್ರದ ಎಳೆ ಸಪೂರ ಆದಷ್ಟೂ, ವಯರ್ ಉದ್ದ ಆದಷ್ಟೂ ವೋಲ್ಟೇಜ್ ದಾರಿಯಲ್ಲೇ ಬೀಳುತ್ತದೆ.

ಲೆಕ್ಕ ನೋಡಿ. ಅಗ್ಗದ ವಯರುಗಳ ಒಳಗೆ ಸಾಧಾರಣವಾಗಿ 28 ಗೇಜಿನ ಎಳೆ ಇರುತ್ತದೆ. ಗೇಜ್ ನಂಬರ್ ಜಾಸ್ತಿ ಆದಷ್ಟೂ ಎಳೆ ಸಪೂರ. 28 ಗೇಜಿನ ತಾಮ್ರಕ್ಕೆ ಮೀಟರಿಗೆ ಸುಮಾರು 0.21 ಓಮ್ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅಷ್ಟು ತಡೆ. ಕರೆಂಟ್ ಹೋಗಿ ವಾಪಸ್ ಬರಬೇಕಲ್ಲ, ಆದ್ದರಿಂದ 1 ಮೀಟರ್ ವಯರ್ ಅಂದರೆ 2 ಮೀಟರ್ ತಾಮ್ರ. ಒಟ್ಟು 0.42 ಓಮಿನ ಹತ್ತಿರ. ಅದರಲ್ಲಿ 2 ಆಂಪಿಯರ್ ಹರಿಸಿದರೆ 0.85 ವೋಲ್ಟ್ ದಾರಿಯಲ್ಲೇ ಹೋಯಿತು. ಅಡಾಪ್ಟರ್ 5 ವೋಲ್ಟ್ ಕೊಟ್ಟರೂ ಫೋನಿಗೆ ಮುಟ್ಟುವುದು 4.15. ಬ್ಯಾಟರಿಯದ್ದೇ 4.2 ಆಗಬೇಕು ಅನ್ನುವಾಗ 4.15ರಿಂದ ಏನು ಮಾಡುವುದು? ಅದೇ ವಯರ್ 24 ಗೇಜಿನದ್ದಾದರೆ ಬೀಳುವುದು 0.34 ವೋಲ್ಟ್ ಮಾತ್ರ.

ಫೋನಿನ ಚಿಪ್ ಇದನ್ನು ನೋಡುತ್ತಾ ಇರುತ್ತದೆ. ಬರುವ ವೋಲ್ಟೇಜ್ ಬಿದ್ದರೆ 'ಈ ವಯರಿಗೆ ಇಷ್ಟು ಹೊರಲು ಆಗುವುದಿಲ್ಲ' ಅಂತ ತಿಳಿದು ತಾನೇ ಕಡಿಮೆ ಕರೆಂಟ್ ಎಳೆಯುತ್ತದೆ. ಹೆಚ್ಚಿನ ಫೋನುಗಳು 4.5 ವೋಲ್ಟಿನ ಆಸುಪಾಸಿನಲ್ಲಿ ಹೀಗೆ ಹಿಂದೆ ಸರಿಯುತ್ತವೆ. ವಯರ್ ಸುಟ್ಟುಹೋಗದೆ ಇರುವುದು, ಚಾರ್ಜ್ ಮಾತ್ರ ಆಮೆಯ ಹಾಗೆ ಆಗುವುದು, ಎರಡಕ್ಕೂ ಕಾರಣ ಇದೇ.

ಇಲ್ಲಿ ಮೇಜಿನ ಮೇಲೆ ಒಂದು ಸಣ್ಣ ಮೀಟರ್ ಇದೆ. ವಯರಿನ ತುದಿಗೂ ಫೋನಿಗೂ ನಡುವೆ ಸಿಕ್ಕಿಸುವಂಥದ್ದು. ಎಷ್ಟು ವೋಲ್ಟ್ ಬರುತ್ತಿದೆ, ಎಷ್ಟು ಆಂಪಿಯರ್ ಹೋಗುತ್ತಿದೆ ಅಂತ ತೋರಿಸುತ್ತದೆ. ಆನ್‌ಲೈನಿನಲ್ಲಿ ಸಿಗುತ್ತದೆ, ದುಬಾರಿ ಏನಲ್ಲ. ಹಿಂದಿನ ಸಾಲಿನ ಅಕ್ಕ ತಮ್ಮ ಚೀಲದಿಂದ ಈ ಉದ್ದದ ಬಿಳಿ ವಯರ್ ಕೊಟ್ಟಿದ್ದಾರೆ. ಮಂಚದ ತನಕ ಎಟಕುವುದಕ್ಕೆ ತಗೊಂಡದ್ದಂತೆ, 2 ಮೀಟರ್ ಇದೆ. ಅಡಾಪ್ಟರ್ ಹಳೆಯದು, 5 ವೋಲ್ಟ್ 2 ಆಂಪಿಯರಿನದ್ದು. ಫೋನ್ ನನ್ನದು, ಚಾರ್ಜ್ ಅರ್ಧಕ್ಕಿಂತ ಕೆಳಗಿದೆ. ಸಿಕ್ಕಿಸಿದೆ. ಮೀಟರ್ ನೋಡಿ, 4.5 ವೋಲ್ಟ್, 0.6 ಆಂಪಿಯರ್. ಎರಡನ್ನೂ ಗುಣಿಸಿದರೆ 2.7 ವಾಟ್. ಈಗ ಅದೇ ಅಡಾಪ್ಟರಿಗೆ, ಅದೇ ಫೋನಿಗೆ ಈ ಗಿಡ್ಡ ದಪ್ಪ ವಯರ್. 4.9 ವೋಲ್ಟ್, 1.8 ಆಂಪಿಯರ್. ಹತ್ತಿರ ಹತ್ತಿರ 9 ವಾಟ್. ಬೇರೆ ಏನೂ ಬದಲಾಗಿಲ್ಲ, ವಯರ್ ಒಂದೇ ಬದಲಾದದ್ದು.

ಈಗ ಆ ಬಿಳಿ ವಯರನ್ನು ಮತ್ತೆ ಹಾಕಿ, ಪಿನ್ನಿನ ಕುತ್ತಿಗೆಯ ಹತ್ತಿರ ಮೆಲ್ಲಗೆ ಬಗ್ಗಿಸುತ್ತೇನೆ. ನೋಡಿದಿರಾ? 0.6 ಇದ್ದದ್ದು 0.2 ಆಯಿತು, ಸೊನ್ನೆ ಆಯಿತು, ಬಿಟ್ಟ ಕೂಡಲೇ ವಾಪಸ್ ಬಂತು. ಒಳಗಿನ ಎಳೆಗಳಲ್ಲಿ ಕೆಲವು ತುಂಡಾಗಿವೆ. ಹೊರಗಿನಿಂದ ವಯರ್ ಹೊಸತರ ಹಾಗೆಯೇ ಕಾಣುತ್ತದೆ. ಉಳಿದ ಎರಡು ಮೂರು ಎಳೆಗಳ ಮೇಲೆ ಎಲ್ಲ ಭಾರ ಬೀಳುತ್ತದೆ, ಆ ಜಾಗ ಬಿಸಿಯಾಗುತ್ತದೆ. ಅಕ್ಕ, ಇದನ್ನು ಇನ್ನು ಬಳಸಬೇಡಿ. ಫೋನನ್ನು ಎದೆಯ ಮೇಲಿಟ್ಟುಕೊಂಡು ನೋಡುವಾಗ ಪಿನ್ನಿನ ತುದಿ ಹೊಟ್ಟೆಗೆ ಒತ್ತಿ ಬಗ್ಗುತ್ತದಲ್ಲ, ಹೆಚ್ಚಿನ ವಯರುಗಳು ಸಾಯುವುದು ಹಾಗೆಯೇ.

5000 ಎಂಎಎಚ್ ಬ್ಯಾಟರಿ ಅಂದರೆ ಸುಮಾರು 19 ವಾಟ್ ಅವರ್, 1 ವಾಟಿನಲ್ಲಿ 19 ಗಂಟೆ ತುಂಬುವಷ್ಟು. 2.7 ವಾಟಿನಲ್ಲಿ ಅದು ತುಂಬಬೇಕಾದರೆ ದಾರಿಯ ನಷ್ಟ ಸೇರಿಸಿ ಎಂಟು ಗಂಟೆಯಾದರೂ ಬೇಕು. ಸ್ಕ್ರೀನ್ ಹಾಕಿಕೊಂಡು ವೀಡಿಯೋ ನೋಡುತ್ತಿದ್ದರಂತೂ ಬಂದದ್ದೆಲ್ಲ ಅಲ್ಲಿಗೇ ಖರ್ಚು. 'ಚಾರ್ಜಿಗೆ ಇಟ್ಟರೂ ಪರ್ಸೆಂಟ್ ಏರುವುದಿಲ್ಲ, ಬ್ಯಾಟರಿ ಹೋಗಿದೆ' ಅಂತ ರಿಪೇರಿ ಅಂಗಡಿಗೆ ಹೋಗುವ ಮೊದಲು ಒಂದು ಸಲ ವಯರ್ ಬದಲಾಯಿಸಿ ನೋಡಿ. ಸುಮ್ನೆ ಸಾವಿರಾರು ರೂಪಾಯಿ ಯಾಕೆ ಹಾಕಬೇಕು?

ವಯರಿನ ಈ ತೊಂದರೆಯನ್ನು ತಪ್ಪಿಸಲಿಕ್ಕೇ ಫಾಸ್ಟ್ ಚಾರ್ಜಿಂಗಿನವರು ವೋಲ್ಟೇಜ್ ಏರಿಸಿದ್ದು. 18 ವಾಟನ್ನು 5 ವೋಲ್ಟಿನಲ್ಲಿ ಕಳಿಸಬೇಕಾದರೆ 3.6 ಆಂಪಿಯರ್ ಬೇಕು, ಸಪೂರ ವಯರಿಗೆ ಅದು ಆಗದ ಮಾತು. 9 ವೋಲ್ಟಿನಲ್ಲಿ ಕಳಿಸಿದರೆ 2 ಆಂಪಿಯರ್ ಸಾಕು. ಫೋನಿನ ಒಳಗೆ ಅದನ್ನು ಇಳಿಸಿಕೊಳ್ಳುತ್ತಾರೆ. ನಮ್ಮ ವಿದ್ಯುತ್ ಲೈನುಗಳಲ್ಲಿ ದೂರಕ್ಕೆ ಕಳಿಸುವಾಗ ಸಾವಿರಗಟ್ಟಲೆ ವೋಲ್ಟಿಗೆ ಏರಿಸುವುದೂ ಇದೇ ಕಾರಣಕ್ಕೆ.

ಆದರೆ ಅಡಾಪ್ಟರ್ ಏಕಾಏಕಿ 9 ವೋಲ್ಟ್ ಬಿಟ್ಟರೆ ಹಳೇ ಫೋನಿನ ಗತಿ ಏನು? ಹಾಗಾಗದ ಹಾಗೆ ಮೊದಲು ಮಾತುಕತೆ ನಡೆಯುತ್ತದೆ. ಯಾವ ಅಡಾಪ್ಟರ್ ಆದರೂ ಶುರುವಿಗೆ 5 ವೋಲ್ಟೇ ಕೊಡುವುದು. ಫೋನ್ 'ನನಗೆ 9 ಬೇಕು' ಅಂತ ಕೇಳಿದರೆ ಮಾತ್ರ ಏರಿಸುತ್ತದೆ. ಕ್ವಾಲ್‌ಕಾಮ್ ಕಂಪನಿಯ ಕ್ವಿಕ್ ಚಾರ್ಜ್ ಎಂಬ ಫಾಸ್ಟ್ ಚಾರ್ಜಿಂಗ್ ಪದ್ಧತಿ ಈ ಮಾತನ್ನು ಡೇಟಾ ಎಳೆಗಳಲ್ಲಿ, ಅಂದರೆ ಫೋಟೋ, ಫೈಲ್ ಸಾಗಿಸುವ ಎಳೆಗಳಲ್ಲಿ, ಆಡುತ್ತಿತ್ತು. ಯಾವ ಬದಿಯಿಂದಲೂ ಸಿಕ್ಕಿಸಬಹುದಾದ ಟೈಪ್-ಸಿ ಪಿನ್ ಬಂದ ಮೇಲೆ ಪವರ್ ಡೆಲಿವರಿ ಎಂಬ ಪದ್ಧತಿಯಲ್ಲಿ ಅದಕ್ಕೆ ಬೇರೆಯೇ ಎಳೆ ಇದೆ.

ಅಂದರೆ ವಯರಿನಲ್ಲಿ ಮಾತಾಡುವ ಎಳೆಯೇ ಇಲ್ಲದಿದ್ದರೆ ಮಾತು ನಡೆಯುವುದಿಲ್ಲ, ಫಾಸ್ಟ್ ಚಾರ್ಜ್ ಇಲ್ಲ. ಟಾರ್ಚ್, ಟ್ರಿಮ್ಮರ್, ಬ್ಲೂಟೂತ್ ಸ್ಪೀಕರ್ ಇವುಗಳ ಜೊತೆ ಬರುವ ಗಿಡ್ಡ ವಯರುಗಳಲ್ಲಿ ಎಷ್ಟೋ ಸಲ ಡೇಟಾ ಎಳೆ ಇರುವುದೇ ಇಲ್ಲ. ಪ್ಲಸ್ ಒಂದು, ಮೈನಸ್ ಒಂದು, ಅಷ್ಟೇ. ಪರೀಕ್ಷೆ ಮಾಡುವುದು ಸುಲಭ. ಆ ವಯರಿನಲ್ಲಿ ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ. ಫೋಟೋ ಕಾಪಿ ಮಾಡಲು ಬರದಿದ್ದರೆ ಅದು ಟಾರ್ಚಿನ ವಯರ್.

ಈಗ ಒಂದೇ ಮನೆಯಲ್ಲಿ ಬೇರೆ ಬೇರೆ ಕಂಪನಿಯ ಫೋನಿದ್ದರೆ ಆಗುವ ಗಲಿಬಿಲಿ. ಒಪ್ಪೋ 2014ರಲ್ಲಿ ವೂಕ್ ಅಂತ ತನ್ನದೇ ಪದ್ಧತಿ ತಂದಿತು. ಅವರದ್ದು ಉಲ್ಟಾ ದಾರಿ. ವೋಲ್ಟೇಜ್ ಏರಿಸದೆ ಕರೆಂಟನ್ನೇ ಜಾಸ್ತಿ ಮಾಡಿದರು. ಅದಕ್ಕೆ ವಯರ್ ದಪ್ಪ ಬೇಕು, ವಯರೂ ತಮ್ಮದೇ ಆಗಬೇಕು. ಆಮೇಲೆ ಬಂದ ಸೂಪರ್‌ವೂಕ್ 65 ವಾಟಿನಲ್ಲಿ ವೋಲ್ಟೇಜೂ ಏರಿತು, 10 ವೋಲ್ಟಿನಲ್ಲಿ 6.5 ಆಂಪಿಯರ್ ಹರಿಯುತ್ತದೆ. ಒನ್‌ಪ್ಲಸ್ಸಿನ ಕೆಂಪು ವಯರ್ ನೋಡಿದ್ದೀರಲ್ಲ, ಅದೂ ಇದೇ ಕುಟುಂಬದ್ದು. ಆ ಫೋನಿಗೆ ಬೇರೆ ವಯರ್ ಹಾಕಿದರೆ ಕೆಡುವುದೇನಿಲ್ಲ, ಸಾಧಾರಣ ಸ್ಪೀಡಿಗೆ ಇಳಿಯುತ್ತದೆ. ಸ್ಯಾಮ್‌ಸಂಗಿನ 45 ವಾಟಿನ ಫೋನುಗಳಿಗೆ 5 ಆಂಪಿಯರಿನ ಟೈಪ್-ಸಿ ವಯರ್ ಬೇಕು. 3 ಆಂಪಿಯರಿನದ್ದು ಹಾಕಿದರೆ 45 ಸಿಗುವುದಿಲ್ಲ.

ಈ 3, 5 ಅನ್ನುವ ಲೆಕ್ಕ ಫೋನಿಗೆ ಹೇಗೆ ಗೊತ್ತಾಗುತ್ತದೆ? ಎರಡು ತುದಿಯೂ ಟೈಪ್-ಸಿ ಇರುವ ವಯರ್ ಸಾಮಾನ್ಯವಾಗಿ 3 ಆಂಪಿಯರಿನದ್ದು. ಅದಕ್ಕಿಂತ ಜಾಸ್ತಿ ಹೊರುವ ವಯರಿನ ತಲೆಯೊಳಗೆ ಇ-ಮಾರ್ಕರ್ ಅಂತ ಒಂದು ಚೂರು ಚಿಪ್ ಇರಲೇಬೇಕು. 'ನಾನು 5 ಹೊರಬಲ್ಲೆ' ಅಂತ ಅದು ಹೇಳಿದರೆ ಮಾತ್ರ ಅಡಾಪ್ಟರ್ ಅಷ್ಟು ಕೊಡುತ್ತದೆ. ಪೆಟ್ಟಿಗೆಯ ಮೇಲೆ 60 ವಾಟ್ ಅಂತ ಇದ್ದರೆ 3 ಆಂಪಿಯರಿನ ವಯರ್. 100 ಅಥವಾ 240 ವಾಟ್ ಅಂತ ಇದ್ದರೆ 5 ಆಂಪಿಯರಿನದ್ದು. 240 ವಾಟಿನ ವಯರ್ ಹಾಕಿದರೆ ಫೋನಿಗೆ 240 ವಾಟ್ ನುಗ್ಗುತ್ತದೆ ಅಂತ ಹೆದರಬೇಡಿ. ಅದು ವಯರಿನ ತಾಕತ್ತು. ಎಳೆದುಕೊಳ್ಳುವುದು ಎಷ್ಟು ಅನ್ನುವುದು ಫೋನಿಗೆ ಬಿಟ್ಟದ್ದು.

ಹಾಗಾದರೆ ವಯರಿನಿಂದ ಅಪಾಯವೇ ಇಲ್ಲವೇ ಅಂದರೆ, ಇದೆ. ಟೈಪ್-ಸಿ ಹೊಸತಾಗಿ ಬಂದಾಗ, 2015ರ ಹೊತ್ತಿಗೆ, ಗೂಗಲ್‌ನಲ್ಲಿ ಕೆಲಸ ಮಾಡುತ್ತಿದ್ದ ಬೆನ್ಸನ್ ಲೆಯುಂಗ್ ಎಂಬ ಎಂಜಿನಿಯರ್ ಅಮೆಜಾನಿನಲ್ಲಿ ಮಾರುತ್ತಿದ್ದ ವಯರುಗಳನ್ನು ತಾನೇ ದುಡ್ಡು ಕೊಟ್ಟು ತರಿಸಿ ಪರೀಕ್ಷೆ ಮಾಡತೊಡಗಿದರು. ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ, ಇನ್ನೊಂದು ತುದಿ ಟೈಪ್-ಸಿ ಇರುವ ವಯರಿನಲ್ಲಿ 56 ಕಿಲೋ ಓಮಿನ ಒಂದು ರೆಸಿಸ್ಟರ್ ಇರಬೇಕು. 'ಆ ಕಡೆ ಇರುವುದು ಹಳೆಯ ಪೋರ್ಟ್, ಜಾಸ್ತಿ ಎಳೆಯಬೇಡ' ಅಂತ ಫೋನಿಗೆ ಹೇಳುವುದು ಅದರ ಕೆಲಸ. ತುಂಬಾ ವಯರುಗಳಲ್ಲಿ 10 ಕಿಲೋ ಓಮಿನದ್ದು ಹಾಕಿದ್ದರು. ಅದರ ಅರ್ಥ '3 ಆಂಪಿಯರ್ ಎಳೆ, ತೊಂದರೆಯಿಲ್ಲ' ಅಂತ. ಆಗ ಪೆಟ್ಟು ತಿನ್ನುವುದು ಕಂಪ್ಯೂಟರಿನ ಪೋರ್ಟ್ ಅಥವಾ ಹಳೆಯ ಅಡಾಪ್ಟರ್. 2016ರಲ್ಲಿ ಅವರು ಪರೀಕ್ಷಿಸಿದ ಒಂದು ವಯರಿನಲ್ಲಿ ಪ್ಲಸ್ಸು ಮೈನಸ್ಸೇ ಅದಲುಬದಲಾಗಿತ್ತು, ಅವರ ಲ್ಯಾಪ್‌ಟಾಪ್ ಕೆಟ್ಟಿತು. ಅದೇ ವರ್ಷ ಮಾರ್ಚಿನಲ್ಲಿ ಅಮೆಜಾನ್ ನಿಯಮಕ್ಕೆ ಹೊಂದದ ಟೈಪ್-ಸಿ ವಯರುಗಳನ್ನು ಮಾರಬಾರದು ಅಂತ ಮಾಡಿತು. ಒಬ್ಬ ಮನುಷ್ಯ ತಾಳ್ಮೆಯಿಂದ ಒಂದೊಂದೇ ವಯರ್ ಅಳೆದದ್ದರಿಂದ ಲೋಕಕ್ಕೆಲ್ಲ ಉಪಕಾರವಾಯಿತು. ನನಗೆ ಅವರ ಬಗ್ಗೆ ಬಹಳ ಗೌರವ.

ಈ ಎರಡು ಉದಾಹರಣೆಯಲ್ಲೂ ಕೆಟ್ಟದ್ದು, ಕೆಡಬಹುದಾಗಿದ್ದದ್ದು ಪೋರ್ಟ್, ಸರ್ಕ್ಯೂಟ್, ಅಡಾಪ್ಟರ್. ಬ್ಯಾಟರಿಯ ಆಯುಸ್ಸು ಕಡಿಮೆಯಾಗುವುದು ಬೇರೆಯೇ ಕಥೆ.

ಲಿಥಿಯಂ ಬ್ಯಾಟರಿಗೆ ವಯಸ್ಸಾಗುವುದು ಹೀಗೆ. ಒಳಗಿನ ಗ್ರಾಫೈಟಿನ ಮೇಲೆ ಒಂದು ತೆಳು ಪದರ ಇರುತ್ತದೆ. ಅದು ಇರಬೇಕು, ಇಲ್ಲದಿದ್ದರೆ ಬ್ಯಾಟರಿ ನಡೆಯುವುದಿಲ್ಲ. ಆದರೆ ದಿನ ಕಳೆದ ಹಾಗೆ ಅದು ದಪ್ಪವಾಗುತ್ತಾ ಹೋಗುತ್ತದೆ, ಸ್ವಲ್ಪ ಸ್ವಲ್ಪ ಲಿಥಿಯಂ ಅದರಲ್ಲೇ ಸಿಕ್ಕಿಬೀಳುತ್ತದೆ. ಹಾಗೆ ಸಿಕ್ಕಿಬಿದ್ದ ಲಿಥಿಯಂ ಮತ್ತೆ ಚಾರ್ಜಿಗೆ ಒದಗುವುದಿಲ್ಲ. ಬಿಸಿ ಇದ್ದಾಗ ಈ ಕೆಲಸ ಜೋರಾಗಿ ನಡೆಯುತ್ತದೆ. ಬ್ಯಾಟರಿ ಪೂರ್ತಿ ತುಂಬಿಕೊಂಡು, ಅಂದರೆ ಮೇಲಿನ ವೋಲ್ಟೇಜಿನಲ್ಲಿ, ಗಂಟೆಗಟ್ಟಲೆ ನಿಂತಿದ್ದಾಗಲೂ ಜಾಸ್ತಿ. ಬಿಸಿಯೂ ಇದ್ದು ನೂರು ಪರ್ಸೆಂಟೂ ಇದ್ದರೆ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ.

ಸುತ್ತಲಿನ ಗಾಳಿಯ ಬಿಸಿ 35 ಡಿಗ್ರಿ ದಾಟಿದರೆ ಬ್ಯಾಟರಿಯ ಶಕ್ತಿ ಶಾಶ್ವತವಾಗಿ ಕುಗ್ಗಬಹುದು ಅಂತ ಆ್ಯಪಲ್ ಕಂಪನಿಯೇ ಹೇಳುತ್ತದೆ. ನಮ್ಮಲ್ಲಿ ಏಪ್ರಿಲಿನ ಮಧ್ಯಾಹ್ನ ಆ ಗಡಿ ದೂರವೇನಲ್ಲ. ಇನ್ನು ಬಿಸಿಲಿಗೆ ನಿಲ್ಲಿಸಿದ ಜೀಪಿನ ಡ್ಯಾಶ್‌ಬೋರ್ಡ್, ಒಲೆಯ ಪಕ್ಕದ ಕಟ್ಟೆ, ತಗಡಿನ ಮಾಡಿನ ಪಂಪ್ ಶೆಡ್ ಇಲ್ಲೆಲ್ಲ ಕೇಳುವುದೇ ಬೇಡ. ರಾತ್ರಿ ಫೋನನ್ನು ಚಾರ್ಜಿಗೆ ಹಾಕಿ ತಲೆದಿಂಬಿನ ಅಡಿಯಲ್ಲಿ ಇಟ್ಟು ಮಲಗುವವರಿದ್ದಾರೆ. ದಯವಿಟ್ಟು ಅದೊಂದನ್ನು ಬಿಡಿ. ಹತ್ತಿಯ ಒಳಗೆ ಬಿಸಿ ಹೋಗಲಿಕ್ಕೆ ದಾರಿಯೇ ಇಲ್ಲ. ಅದು ಬ್ಯಾಟರಿಗೆ ಮಾತ್ರವಲ್ಲ, ಮಲಗಿದವರಿಗೂ ಅಪಾಯ.

ಇದನ್ನು ವಯರಿನ ಜೊತೆ ಸೇರಿಸಿ ನೋಡಿ. ನಿಧಾನ ಚಾರ್ಜ್ ಮಾಡುವ ಸಪೂರ ವಯರಿನಿಂದ ಬ್ಯಾಟರಿಗೆ ನಷ್ಟವಿಲ್ಲ. ಕರೆಂಟ್ ಕಡಿಮೆಯಾದ್ದರಿಂದ ಫೋನ್ ತಣ್ಣಗೇ ಇರುತ್ತದೆ. ರಾತ್ರಿಯಿಡೀ ಸಮಯ ಇದ್ದವರಿಗೆ ಹಳೆಯ 10 ವಾಟಿನ ಚಾರ್ಜರ್ ಧಾರಾಳ ಸಾಕು. ಹಾಗಂತ ವಯರ್ ಗಟ್ಟಿಯಿರಬೇಕು, ಪಿನ್ ಅಲುಗಾಡಬಾರದು. ಇನ್ನೊಂದು ಕಡೆ, ಫಾಸ್ಟ್ ಚಾರ್ಜಿಗೆ ಹಾಕಿ ಮಕ್ಕಳು ಗೇಮ್ ಆಡುತ್ತಾ ಕೂತರೆ ಎರಡೂ ಕಡೆಯ ಬಿಸಿ ಒಟ್ಟಾಗುತ್ತದೆ. ಅಲ್ಲಿ ಕಂಪನಿಯ ಒರಿಜಿನಲ್ ವಯರೇ ಇದ್ದರೂ ಬ್ಯಾಟರಿ ಬೇಗ ಮುದಿಯಾಗುತ್ತದೆ. ಒರಿಜಿನಲ್ ವಯರ್ ಅಂತ ಧೈರ್ಯ ಮಾಡಿ ಫೋನನ್ನು ಬೇಯಿಸುವವರಿಗಿಂತ, ಪಕ್ಕದ ಮನೆಯ ವಯರಿನಲ್ಲಿ ತಣ್ಣಗೆ ಚಾರ್ಜ್ ಮಾಡುವವರ ಬ್ಯಾಟರಿ ಜಾಸ್ತಿ ಕಾಲ ಬಾಳುತ್ತದೆ. ಈಗಿನ ಎಷ್ಟೋ ಫೋನುಗಳ ಸೆಟ್ಟಿಂಗಿನಲ್ಲಿ 80ಕ್ಕೆ ಚಾರ್ಜ್ ನಿಲ್ಲಿಸುವ ವ್ಯವಸ್ಥೆ ಇದೆ. ಮನೆಯಲ್ಲೇ ಇರುವವರು ಅದನ್ನು ಹಾಕಿಕೊಳ್ಳಿ. ಮಂಗಳೂರಿಗೆ ರೈಲು ಹತ್ತುವ ದಿನ ತೆಗೆದರಾಯಿತು.

ನಮ್ಮ ಊರಿಗೇ ಸಂಬಂಧಿಸಿದ ಒಂದೆರಡು ವಿಷಯ ಇದೆ. ವರ್ಷಕ್ಕೆ 3500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ಕುಂಬಳೆ, ಮಂಜೇಶ್ವರದ ಕಡೆ ಉಪ್ಪುಗಾಳಿ ಬೇರೆ. ಜೂನ್ ತಿಂಗಳಿನಲ್ಲಿ ಫೋನಿನ ಚಾರ್ಜಿಂಗ್ ತೂತಿಗೆ ಹನಿ ನೀರು ಹೋಗಿರುತ್ತದೆ, ಅಂಗಿಯ ಜೇಬಿನ ನೂಲು, ಧೂಳು ಅದರ ಮೇಲೆ ಕೂರುತ್ತದೆ. ಒದ್ದೆ ಇರುವಾಗಲೇ ವಯರ್ ಸಿಕ್ಕಿಸಿದರೆ ಪಿನ್ನುಗಳ ನಡುವೆ ಕರೆಂಟ್ ಹರಿದು ಲೋಹ ತಿಂದುಹೋಗುತ್ತದೆ. ನಿಮ್ಮ ವಯರಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಬಂಗಾರದ ಬಣ್ಣದ ಪಟ್ಟಿಗಳ ನಡುವೆ ಒಂದು ಕಪ್ಪಗೆ ಅಥವಾ ಹಸಿರಾಗಿ ಕಂಡರೆ ಅದು ಸುಟ್ಟದ್ದು, ಕಿಲುಬು ಹಿಡಿದದ್ದು. ಅಂಥ ವಯರನ್ನು ಮನೆಯ ನಾಲ್ಕು ಫೋನಿಗೆ ಹಾಕಿದರೆ ನಾಲ್ಕರ ತೂತಿಗೂ ಕಾಯಿಲೆ ಹಂಚಿದ ಹಾಗೆ. ವಯರ್ ಹಂಚಿಕೊಳ್ಳುವುದರಲ್ಲಿ ನಿಜವಾದ ತೊಂದರೆ ಅಂದರೆ ಇದು. ಕೆಲವು ಫೋನ್ ನೀರಿನ ಹನಿಯ ಗುರುತು ತೋರಿಸಿ ಚಾರ್ಜ್ ಮಾಡಲು ಒಪ್ಪುವುದಿಲ್ಲ. ಆಗ ಹೇರ್ ಡ್ರೈಯರ್ ಹಿಡಿಯಬೇಡಿ, ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ. ತೂತನ್ನು ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗೆ ಇಡಿ. ಧೂಳು ತೆಗೆಯಬೇಕಾದರೆ ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಬದಿಯಲ್ಲಿ ಮೆಲ್ಲಗೆ ಕೆರೆಯಿರಿ. ಸೇಫ್ಟಿ ಪಿನ್ ಬೇಡವೇ ಬೇಡ. 'ವಯರ್ ಸರಿಯಾಗಿ ಕೂರುವುದಿಲ್ಲ' ಅನ್ನುವವರ ಫೋನಿನಿಂದ ಹೀಗೆ ನೂಲಿನ ಉಂಡೆ ಬಂದು, ಆಮೇಲೆ ಅದೇ ವಯರ್ 'ಟಕ್' ಅಂತ ಕೂರುವುದನ್ನು ನೀವೇ ಕಾಣುತ್ತೀರಿ.

ತುಲಾ ತಿಂಗಳಿನಲ್ಲಿ, ಅಂದರೆ ಅಕ್ಟೋಬರ್-ನವೆಂಬರಿನ ಹೊತ್ತಿಗೆ, ಸಂಜೆ ಗುಡುಗು ಮಿಂಚು ಶುರುವಾದರೆ ಚಾರ್ಜರನ್ನು ಗೋಡೆಯಿಂದಲೇ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸಿಡಿಲಿಗೆ ಸ್ವಿಚ್ಚಿನ ಒಳಗಿನ ಸಣ್ಣ ಸಂದು ದೊಡ್ಡ ವಿಷಯ ಅಲ್ಲ.

ಗಲ್ಫಿನ ಚಾರ್ಜರ್ ಬಗ್ಗೆ ಕೇಳುತ್ತಿದ್ದೀರಿ. ಅಲ್ಲಿಯ ಅಡಾಪ್ಟರ್ ಮೇಲೆ '100-240 ವೋಲ್ಟ್' ಅಂತ ಇದ್ದರೆ ಇಲ್ಲಿಗೆ ಧಾರಾಳ ನಡೆಯುತ್ತದೆ. ತೊಂದರೆ ಇರುವುದು ಆ ಮೂರು ಚಪ್ಪಟೆ ಪಿನ್ನುಗಳಲ್ಲಿ. ಅದಕ್ಕೆ ನಾವು ಹಾಕುವ ಕನ್ವರ್ಟರ್ ಸಡಿಲ ಇದ್ದರೆ 'ಚಿರ್' ಅಂತ ಸದ್ದು ಬರುತ್ತದೆ, ಪ್ಲಾಸ್ಟಿಕ್ ಹಳದಿ ಆಗುತ್ತದೆ. ಸದ್ದು ಕೇಳಿದರೆ ಕನ್ವರ್ಟರ್ ಬದಲಾಯಿಸಿ. ಅಡಾಪ್ಟರ್ ಒಳ್ಳೆಯದೇ ಇರುತ್ತದೆ.

ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಸಂಜೆ ವೋಲ್ಟೇಜ್ ಕಡಿಮೆ, ಅದಕ್ಕೆ ಚಾರ್ಜ್ ನಿಧಾನ ಅಂತ ಒಬ್ಬರು ಹೇಳಿದರು. ಅದೇ 100-240 ಅನ್ನುವ ಲೆಕ್ಕ ನೋಡಿ. ಮಿಕ್ಸಿ ತಿರುಗದ ವೋಲ್ಟೇಜಿನಲ್ಲೂ ಒಳ್ಳೆಯ ಅಡಾಪ್ಟರ್ ತನ್ನ 5 ವೋಲ್ಟನ್ನು ಸರಿಯಾಗಿಯೇ ಕೊಡುತ್ತದೆ. ನಿಧಾನ ಆಗುತ್ತಿದ್ದರೆ ಕಾರಣ ಬೇರೆ ಇದೆ, ವಯರಿನಿಂದ ಹುಡುಕಲು ಶುರುಮಾಡಿ.

ಚಾರ್ಜಿಗೆ ಹಾಕಿದಾಗ ಸ್ಕ್ರೀನ್ ತನ್ನಷ್ಟಕ್ಕೆ ಓಡುತ್ತದೆ, ಬೆರಳು ಇಟ್ಟಲ್ಲಿ ಇಲ್ಲ, ಬೇರೆಲ್ಲೋ ಒತ್ತುತ್ತದೆ ಅಂತೀರಲ್ಲ? ಹೆಚ್ಚಾಗಿ ಅದು ಅಡಾಪ್ಟರಿನ ದೋಷ. ಅಗ್ಗದ ಅಡಾಪ್ಟರ್ ಕೊಡುವ ಕರೆಂಟಿನಲ್ಲಿ ಕಲಬೆರಕೆ ಜಾಸ್ತಿ. ಅಡಾಪ್ಟರ್ ವಿಷಯದಲ್ಲಿ ಮಾತ್ರ ಜುಗ್ಗತನ ಮಾಡಬೇಡಿ ಮಾರಾಯ್ರೇ. 230 ವೋಲ್ಟಿಗೂ ನಿಮ್ಮ ಕೈಗೂ ನಡುವೆ ಇರುವುದು ಅದೊಂದೇ. ಅದರ ಮೇಲೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ಗುರುತು, 'ಆರ್' ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಗೆ ಕೊಟ್ಟದ್ದು ಅಂತ ಬರುತ್ತದೆ. ಡಬ್ಬಿಯ ಮೇಲೆ ಒಂದು ಹೆಸರು, ಆ್ಯಪಿನಲ್ಲಿ ಇನ್ನೊಂದು ಹೆಸರು ಬಂದರೆ ಬೇಡ ಅನ್ನಿ.

ವಯರ್ ತೆಗೆದುಕೊಳ್ಳುವಾಗ 1 ಮೀಟರ್ ಸಾಕು. ಉದ್ದ ಬೇಕೇ ಬೇಕಾದರೆ ದಪ್ಪದ್ದು ತಗೊಳ್ಳಿ, ಅಥವಾ ಎಕ್ಸ್‌ಟೆನ್ಶನ್ ಬೋರ್ಡನ್ನು ಹತ್ತಿರ ತಂದು ಗಿಡ್ಡ ವಯರ್ ಹಾಕಿ. ಬಟ್ಟೆ ನೇಯ್ದ ಹೊದಿಕೆ ನೋಡಿ ಮೋಸ ಹೋಗಬೇಡಿ, ಅದು ಹೊರಗಿನ ಅಂದ. ಒಳಗಿನ ತಾಮ್ರ ಎಷ್ಟು ಅನ್ನುವುದು ಕಾಣುವುದಿಲ್ಲ. ಹಾಗಾಗಿ ಪೆಟ್ಟಿಗೆಯ ಮೇಲೆ ಆಂಪಿಯರ್, ವಾಟ್ ಸ್ಪಷ್ಟವಾಗಿ ಬರೆದಿರುವ, ಬಿಲ್ ಕೊಡುವ ಅಂಗಡಿಯದ್ದನ್ನೇ ತಗೊಳ್ಳಿ. ಮನೆಗೆ ತಂದು ಒಮ್ಮೆ ಅರ್ಧ ಗಂಟೆ ಚಾರ್ಜಿಗೆ ಹಾಕಿ ಪಿನ್ನಿನ ಕುತ್ತಿಗೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಡಲು ಆಗದಷ್ಟು ಬಿಸಿಯಾದರೆ ಆ ವಯರ್ ಬೇಡ.

ಮಾವ ಒಬ್ಬರು ಕೊನೆಗೆ ಕೇಳಿದರು, ಮೊಮ್ಮಗನ ಲ್ಯಾಪ್‌ಟಾಪಿನ 65 ವಾಟಿನ ಟೈಪ್-ಸಿ ಚಾರ್ಜರನ್ನು ನನ್ನ ಸಣ್ಣ ಫೋನಿಗೆ ಹಾಕಬಹುದಾ ಅಂತ. ಹಾಕಬಹುದು ಮಾವ. ಅದೂ 5 ವೋಲ್ಟಿನಿಂದಲೇ ಶುರುಮಾಡುವುದು, ನಿಮ್ಮ ಫೋನ್ 10 ವಾಟ್ ಕೇಳಿದರೆ ಅಷ್ಟೇ ಕೊಡುತ್ತದೆ. ಉರುಟು ಕೊಳವೆಯಂಥ ಬ್ಯಾರೆಲ್ ಪಿನ್ನಿನ ಹಳೆಯ ಲ್ಯಾಪ್‌ಟಾಪ್ ಚಾರ್ಜರಿಗೆ ಯಾರಾದರೂ ಕನ್ವರ್ಟರ್ ಹಾಕಿಕೊಟ್ಟರೆ ಮಾತ್ರ ಅದನ್ನು ಫೋನಿನ ಹತ್ತಿರವೂ ತರಬೇಡಿ. ಅದಕ್ಕೆ ಮಾತುಕತೆ ಗೊತ್ತಿಲ್ಲ, 19 ವೋಲ್ಟನ್ನು ನೇರ ಕೊಡುತ್ತದೆ.

ಹಾಳಾದ ವಯರನ್ನು ಡ್ರಾಯರಿನಲ್ಲಿ ಇಡಬೇಡಿ. ಇಟ್ಟರೆ ಯಾರಾದರೂ ಅವಸರದಲ್ಲಿ ಮತ್ತೆ ಅದನ್ನೇ ತೆಗೆದು ಹಾಕುತ್ತಾರೆ. ಕತ್ತರಿಯಿಂದ ಎರಡು ತುಂಡು ಮಾಡಿ. ಒಲೆಗೆ ಹಾಕಬೇಡಿ, ಅದರ ಹೊಗೆ ಒಳ್ಳೆಯದಲ್ಲ. ಪಂಚಾಯತಿನ ಹರಿತ ಕರ್ಮ ಸೇನೆಯವರು ಪ್ಲಾಸ್ಟಿಕ್ ತೆಗೆದುಕೊಂಡು ಹೋಗಲು ಮನೆಗೆ ಬರುತ್ತಾರಲ್ಲ, ಇ-ತ್ಯಾಜ್ಯ ತೆಗೆದುಕೊಳ್ಳುವುದು ಯಾವಾಗ ಅಂತ ಅವರಲ್ಲಿ ಕೇಳಿ, ಆ ದಿನ ಒಟ್ಟಿಗೆ ಕೊಟ್ಟುಬಿಡಿ.